ಕೊಳವೆಗಳಲ್ಲಿ ಬಿಸಿನೀರಿನ ಸಂಚಾರವೂ ಅದರ ಹಂಚಿಕೆಯೂ

೧. ವಿಷಯ

ನೀರು ಸುಲಭವಾದ ದಾರಿಯನ್ನೇ ಹಿಡಿಯುವುದೆಂಬ ಮಾತು ಲೋಕದಲ್ಲಿ ಬಹು ರೂಢವಾಗಿದೆ. ಪಾಠಶಾಲೆಗಳಲ್ಲಿ ದೃಷ್ಟಾಂತವಾಗಿಯೂ, ನೀತಿಯನ್ನು ಹೇಳುವಾಗ ಉಪಮಾನವಾಗಿಯೂ ಇದು ಬಳಕೆಯಲ್ಲಿದೆ. ಆದರೆ ಈ ಮಾತು ಅರ್ಧಸತ್ಯವೇ ಹೊರತು ಪೂರ್ಣಸತ್ಯವಲ್ಲ. ಇದನ್ನು ಪೂರ್ಣಸತ್ಯವೆಂದು ನಂಬಿ ನಡೆದವರ ಮನೆಯ ಕೊನೆಯ ಕೋಣೆಯಲ್ಲಿ ಚಳಿಯು ಹಾಗೆಯೇ ಉಳಿಯುವುದುಂಟು. ಅದು ಹೇಗೆಂಬುದು, ಶೀತದೇಶಗಳಲ್ಲಿ ಬಿಸಿನೀರನ್ನು ಕೊಳವೆಗಳ ಮೂಲಕ ಸುತ್ತಿಸಿ ಮನೆಗಳನ್ನು ಬೆಚ್ಚಗಿಡುವ ಏರ್ಪಾಡನ್ನು ವಿಚಾರಿಸಿ ನೋಡಿದರೆ ಸ್ಪಷ್ಟವಾಗುತ್ತದೆ.

ಯೂರೋಪು, ಉತ್ತರ ಅಮೆರಿಕ, ಉತ್ತರ ಚೀನಾ ಮೊದಲಾದ ಕಡೆಗಳಲ್ಲಿ ಚಳಿಗಾಲದ ತಿಂಗಳುಗಳನ್ನು ಕೃತಕವಾದ ಶಾಖವಿಲ್ಲದೆ ಕಳೆಯುವುದು ಅಸಾಧ್ಯ. ಅಲ್ಲಿನ ಅಸಂಖ್ಯ ಮನೆಗಳಲ್ಲಿ ಕಾಣುವ ಏರ್ಪಾಡಿನ ಅಂಗಗಳು ಇವು: ನೆಲಮಾಳಿಗೆಯಲ್ಲಾಗಲಿ ಮನೆಯ ಒಂದು ಮೂಲೆಯಲ್ಲಾಗಲಿ ನೀರನ್ನು ಕಾಯಿಸುವ ಬಾಯ್ಲರು, ಅಲ್ಲಿಂದ ಕಾದ ನೀರನ್ನು ಒಯ್ಯುವ ನಿರ್ಗಮದ ಕೊಳವೆ, ಕೋಣೆಕೋಣೆಗೂ ಒಂದೊಂದು ರೇಡಿಯೇಟರು, ಎಂದರೆ ನೀರಿನ ಶಾಖವನ್ನು ಗಾಳಿಗೆ ಬಿಟ್ಟುಕೊಡುವ ಲೋಹದ ಪಾತ್ರೆ, ಶಾಖವನ್ನು ಕೊಟ್ಟು ತಣಿದ ನೀರನ್ನು ಮರಳಿ ಬಾಯ್ಲರಿಗೆ ತರುವ ಆಗಮದ ಕೊಳವೆ. ಈ ವ್ಯವಸ್ಥೆಯಲ್ಲಿ ನೀರು ಖರ್ಚಾಗುವುದಿಲ್ಲ. ಅದು ಶಾಖವನ್ನು ಹೊರುವ ವಾಹಕ ಮಾತ್ರ. ಬಂಡಿಯಂತೆ ಹೊರೆಯನ್ನು ಇಳಿಸಿ ಮತ್ತೆ ಹೊರೆಗಾಗಿ ಹಿಂದಿರುಗುತ್ತದೆ.

ಈ ವಾಹಕದ ಶಕ್ತಿಯನ್ನು ಲೆಕ್ಕದಿಂದ ತಿಳಿಯಬಹುದು. ಒಂದು ಲೀಟರು ನೀರು ೮೦ ಡಿಗ್ರಿಯಿಂದ ೬೦ ಡಿಗ್ರಿಗೆ ತಣಿಯುವಾಗ ಸುಮಾರು ೮೪ ಕಿಲೋಜೌಲಿನಷ್ಟು ಶಾಖವನ್ನು ಬಿಟ್ಟುಕೊಡುತ್ತದೆ. ಒಂದು ಕೋಣೆಗೆ ಒಂದು ಸಾವಿರ ವಾಟಿನ ಶಾಖ ಬೇಕೆಂದರೆ, ಗಂಟೆಗೆ ೪೩ ಲೀಟರು ನೀರು ಆ ಕೋಣೆಯ ರೇಡಿಯೇಟರನ್ನು ಹಾದುಹೋಗಬೇಕು. ಇದು ದೊಡ್ಡ ಮೊತ್ತವೇನೂ ಅಲ್ಲ. ಹೀಗಿದ್ದರೂ ಬಾಯ್ಲರಿಗೆ ಹತ್ತಿರವಾದ ಕೋಣೆಯು ಸೆಕೆಯಿಂದ ಕಿಟಕಿ ತೆರೆಯುವಂತಿದ್ದು, ದೂರದ ಕೋಣೆಯು ಕಂಬಳಿ ಹೊದೆಯುವಂತಿರುವುದು ಅನೇಕ ಕಟ್ಟಡಗಳಲ್ಲಿ ಕಂಡುಬರುತ್ತದೆ. ಆಗ ಮನೆಯವರು ಸಾಮಾನ್ಯವಾಗಿ ಹುಡುಕುವ ಪರಿಹಾರ ಒಂದೇ: ಇನ್ನೂ ದೊಡ್ಡದೊಂದು ಪಂಪನ್ನು ತಂದು ಕೂರಿಸುವುದು. ಇದು ಸರಿಯೋ ಅಲ್ಲವೋ ಎಂಬುದು ನೀರು ಏಕೆ ಚಲಿಸುತ್ತದೆ, ಅದನ್ನು ಯಾವುದು ತಡೆಯುತ್ತದೆ, ಹಲವು ದಾರಿಗಳಿರುವಾಗ ಅದು ಹೇಗೆ ಹಂಚಿಹೋಗುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಕ್ರಮವಾಗಿ ಬಿಡಿಸಿದ ಮೇಲೆಯೇ ತಿಳಿಯುವುದು.

೨. ಸಂಚಾರಕ್ಕೆ ಕಾರಣ

ಪಂಪುಗಳು ಬಳಕೆಗೆ ಬರುವುದಕ್ಕೆ ಬಹುಕಾಲ ಮುಂಚೆಯೇ ಬಿಸಿನೀರು ಮನೆಗಳಲ್ಲಿ ಸುತ್ತುತ್ತಿದ್ದಿತು. ಫ್ರಾನ್ಸಿನ ಬೋನ್‌ಮೆನ್ ಎಂಬವನು ೧೭೭೭ರಲ್ಲಿ ಕೋಳಿಮೊಟ್ಟೆಗಳಿಗೆ ಸಮನಾದ ಕಾವು ಕೊಡುವ ಸಲುವಾಗಿ ಇಂಥ ಏರ್ಪಾಡೊಂದನ್ನು ರಚಿಸಿದನು. ಲಂಡನ್ನಿನಲ್ಲಿ ನೆಲೆಸಿದ್ದ ಆಂಜಿಯರ್ ಮಾರ್ಚ್ ಪರ್ಕಿನ್ಸನು ೧೮೩೧ರಲ್ಲಿ, ದಪ್ಪವಾದ ಗೋಡೆಯೂ ಕಿರಿದಾದ ರಂಧ್ರವೂ ಉಳ್ಳ ಕಬ್ಬಿಣದ ಕೊಳವೆಗಳನ್ನು ಪೂರ್ಣವಾಗಿ ಮುಚ್ಚಿ, ಅಧಿಕವಾದ ಒತ್ತಡದಲ್ಲಿ ನೀರನ್ನು ಸುತ್ತಿಸುವ ವಿಧಾನಕ್ಕೆ ಹಕ್ಕುಪತ್ರವನ್ನು ಪಡೆದನು. ಚಾರ್ಲ್ಸ್ ಹುಡ್ ಎಂಬ ಇಂಗ್ಲಿಷ್ ಗ್ರಂಥಕಾರನು ೧೮೩೭ರಲ್ಲಿ ಬಿಸಿನೀರಿನಿಂದ ಕಟ್ಟಡಗಳನ್ನು ಬೆಚ್ಚಗಿಡುವ ವಿಷಯವಾಗಿ ಒಂದು ಗ್ರಂಥವನ್ನೇ ಪ್ರಕಟಿಸಿ, ಸಂಚಾರಕ್ಕೆ ಕಾರಣವೇನೆಂಬುದನ್ನು ಅದರಲ್ಲಿ ಚರ್ಚಿಸಿದನು.

ಬಿಸಿನೀರು ತಾನಾಗಿ ಮೇಲಕ್ಕೆ ಏರುತ್ತದೆ, ಆದುದರಿಂದ ಸಂಚಾರ ಉಂಟಾಗುತ್ತದೆ ಎಂದು ಹೇಳುವುದು ವಾಡಿಕೆ. ಸೂಕ್ಷ್ಮವಾಗಿ ನೋಡಿದರೆ ಬಿಸಿನೀರಿಗೆ ಮೇಲೇರುವ ಸ್ವಭಾವವಿಲ್ಲ. ಅದಕ್ಕೂ ತೂಕವುಂಟು, ಅದೂ ಕೆಳಕ್ಕೇ ಒತ್ತುತ್ತದೆ. ತಕ್ಕಡಿಯ ಎರಡು ತಟ್ಟೆಗಳಲ್ಲಿ ಹಗುರವಾದುದು ಮೇಲೇರುವುದು ತನ್ನ ಶಕ್ತಿಯಿಂದಲ್ಲ, ಭಾರವಾದುದು ಕೆಳಗಿಳಿಯುವುದರಿಂದ. ಇಲ್ಲಿಯೂ ಹಾಗೆಯೇ. ಬಾಯ್ಲರಿನಿಂದ ಏರುವ ಕೊಳವೆಯಲ್ಲಿ ೮೦ ಡಿಗ್ರಿಯ ನೀರಿನ ಕಂಬವೊಂದು ನಿಂತಿದೆ. ಇಳಿಯುವ ಕೊಳವೆಯಲ್ಲಿ ೬೦ ಡಿಗ್ರಿಯ ಕಂಬ ನಿಂತಿದೆ. ಘನಮೀಟರಿಗೆ ಮೊದಲನೆಯದು ಸುಮಾರು ೯೭೨ ಕಿಲೋಗ್ರಾಮು ತೂಗಿದರೆ, ಎರಡನೆಯದು ೯೮೩ ಕಿಲೋಗ್ರಾಮು ತೂಗುತ್ತದೆ. ನೂರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚಾದ ಈ ತಾರತಮ್ಯವೇ ಸಮಸ್ತ ಸಂಚಾರಕ್ಕೂ ಮೂಲ.

ಇದರ ಬಲವಾದರೂ ಎಷ್ಟು? ಕಂಬಗಳ ಎತ್ತರ ೫ ಮೀಟರು ಎಂದಿಟ್ಟುಕೊಂಡರೆ, ಎರಡರ ಒತ್ತಡದ ಅಂತರವು ಸುಮಾರು ೫೭ ಮಿಲಿಮೀಟರು ಎತ್ತರದ ನೀರಿನ ಒತ್ತಡಕ್ಕೆ ಸಮನಾಗುತ್ತದೆ. ಎಂದರೆ ಮೂರು ಬೆರಳಗಲದಷ್ಟು ನೀರು. ಇಷ್ಟು ಅಲ್ಪವಾದ ಬಲದಿಂದ ಮನೆಯ ನೀರೆಲ್ಲವೂ ಸುತ್ತಬೇಕಾಗಿದ್ದುದರಿಂದಲೇ ಹಳೆಯ ಕಟ್ಟಡಗಳಲ್ಲಿ ಕೊಳವೆಗಳು ಅಷ್ಟು ದಪ್ಪವಾಗಿದ್ದುವು. ಅವುಗಳನ್ನು ಸರಿಯಾದ ಓರೆಯಲ್ಲಿ ಜೋಡಿಸುವುದೂ ಅಗತ್ಯವಾಗಿದ್ದಿತು. ಏಕೆಂದರೆ ಎತ್ತರವಾದ ತಿರುವಿನಲ್ಲಿ ಗಾಳಿಯು ಸಿಕ್ಕಿಕೊಂಡರೆ ಅದನ್ನು ತಳ್ಳಿಹಾಕುವಷ್ಟು ಬಲವು ನೀರಿಗೆ ಇರುತ್ತಿರಲಿಲ್ಲ. ಗಾಳಿಯ ಒಂದು ಗುಳ್ಳೆಯು ಒಂದು ಅಂತಸ್ತಿನ ಶಾಖವನ್ನೇ ನಿಲ್ಲಿಸಿಬಿಡುವುದು ಸಾಧ್ಯವಾಗಿದ್ದಿತು.

ಇದೇ ತತ್ತ್ವವು ಕನ್ನಡನಾಡಿನ ಓದುಗರಿಗೆ ಅಪರಿಚಿತವೇನಲ್ಲ. ಬೆಂಗಳೂರು ಮೊದಲಾದ ಊರುಗಳಲ್ಲಿ ಮಾಳಿಗೆಯ ಮೇಲೆ ಕಾಣುವ ಸೌರ ಜಲತಾಪಕಗಳಲ್ಲಿ ಹಲವಕ್ಕೆ ಪಂಪು ಇರುವುದಿಲ್ಲ. ಬಿಸಿಲಿಗೆ ಕಾಯುವ ಫಲಕವು ಕೆಳಗೂ, ನೀರಿನ ತೊಟ್ಟಿಯು ಮೇಲೂ ಇರುತ್ತವೆ. ಫಲಕದಲ್ಲಿ ಕಾದ ಹಗುರವಾದ ನೀರನ್ನು ತೊಟ್ಟಿಯಿಂದ ಇಳಿಯುವ ತಣ್ಣನೆಯ ಭಾರವಾದ ನೀರು ಮೇಲಕ್ಕೆ ತಳ್ಳುತ್ತದೆ. ತೊಟ್ಟಿಯನ್ನು ಫಲಕಕ್ಕಿಂತ ಎತ್ತರದಲ್ಲಿ ಇಡುವುದಕ್ಕೆ ಇದೇ ಕಾರಣ.

೩. ಎತ್ತರವನ್ನು ಕುರಿತ ಶಂಕೆ

ಕಾಲಾನಂತರದಲ್ಲಿ ವಿದ್ಯುಚ್ಛಕ್ತಿಯಿಂದ ನಡೆಯುವ ಪಂಪುಗಳು ಬಂದುವು. ಜರ್ಮನಿಯ ಡಾರ್ಟ್‌ಮುಂಡ್ ನಗರದ ವಿಲ್‌ಹೆಲ್ಮ್ ಓಪ್ಲೆಂಡರನು ೧೯೨೮ರಲ್ಲಿ, ಬಿಸಿನೀರಿನ ಕೊಳವೆಯೊಳಗೇ ಜೋಡಿಸತಕ್ಕ ಸಂಚಾರವರ್ಧಕವೊಂದನ್ನು ನಿರ್ಮಿಸಿದುದು ಈ ಚರಿತ್ರೆಯಲ್ಲಿ ಗಣನೀಯವಾದುದು. ಅಲ್ಲಿಂದ ಮುಂದೆ ಕೊಳವೆಗಳು ಸಣ್ಣವಾದುವು. ಬಾಯ್ಲರು ಕೆಳಗೇ ಇರಬೇಕೆಂಬ ನಿರ್ಬಂಧವೂ ತಪ್ಪಿತು.

ಇಲ್ಲಿ ಒಂದು ಶಂಕೆ ಸಹಜವಾಗಿ ಹುಟ್ಟುತ್ತದೆ. ಹತ್ತು ಅಂತಸ್ತಿನ, ೩೦ ಮೀಟರು ಎತ್ತರದ ಕಟ್ಟಡಕ್ಕೆ ನೀರನ್ನು ಏರಿಸಬೇಕಾದರೆ ಪಂಪು ೩೦ ಮೀಟರಿನ ಬಲವುಳ್ಳದ್ದಾಗಿರಬೇಡವೇ? ಬಾವಿಯಿಂದ ನೀರನ್ನು ಸೇದಿ ಮೇಲಿನ ತೊಟ್ಟಿಗೆ ತುಂಬುವ ಪಂಪಿನ ವಿಷಯದಲ್ಲಿ ಇದು ನಿಜ. ಮುಚ್ಚಿದ ಆವರಣದಲ್ಲಿ ಇದು ನಿಜವಲ್ಲ. ಏರುವ ಕೊಳವೆಯ ೩೦ ಮೀಟರು ನೀರು ಪಂಪಿನ ಮೇಲೆ ಎಷ್ಟು ಒತ್ತುವುದೋ, ಇಳಿಯುವ ಕೊಳವೆಯ ೩೦ ಮೀಟರು ನೀರು ಪಂಪಿನ ಹಿಂದಿನಿಂದ ಅಷ್ಟೇ ಒತ್ತುತ್ತದೆ. ಬಾವಿಯ ರಾಟೆಯ ಹಗ್ಗದ ಎರಡು ತುದಿಗಳಿಗೂ ಸಮತೂಕದ ಕೊಡಗಳನ್ನು ಕಟ್ಟಿದರೆ ಹೇಗೋ ಹಾಗೆ. ಆಗ ಎಳೆಯುವವನು ಕೊಡದ ಭಾರವನ್ನು ಹೊರಬೇಕಾಗಿಲ್ಲ. ರಾಟೆಯ ಅಚ್ಚಿನಲ್ಲಿರುವ ಘರ್ಷಣೆಯನ್ನು ಮೀರಿದರೆ ಸಾಕು.

ಆದಕಾರಣ ಮುಚ್ಚಿದ ಆವರಣದಲ್ಲಿ ಪಂಪಿಗೆ ಎದುರಾಳಿಯಾಗಿ ಇರುವುದು ಎತ್ತರವಲ್ಲ, ಘರ್ಷಣೆ. ವ್ಯವಸ್ಥೆಗೆ ಮೊದಲು ನೀರನ್ನು ತುಂಬುವಾಗ ಮಾತ್ರ ಎತ್ತರಕ್ಕೆ ತಕ್ಕ ಒತ್ತಡ ಬೇಕು. ಒಮ್ಮೆ ತುಂಬಿ ಗಾಳಿಯನ್ನು ಹೊರಡಿಸಿದ ಮೇಲೆ, ಸುತ್ತಿಸುವುದಕ್ಕೆ ಬೇಕಾದ ಬಲವನ್ನು ಕೊಳವೆಗಳ ಉದ್ದ, ಅಗಲ, ತಿರುವು, ಕವಾಟಗಳು ನಿರ್ಣಯಿಸುತ್ತವೆ.

೪. ತಡೆಯ ಸ್ವರೂಪ

ಈ ಘರ್ಷಣೆಯ ನಿಯಮಗಳನ್ನು ಕಂಡುಹಿಡಿಯಲು ಹತ್ತೊಂಬತ್ತನೆಯ ಶತಮಾನದ ಬಹುಭಾಗವು ಬೇಕಾಯಿತು. ಜರ್ಮನಿಯ ಜಲಶಿಲ್ಪಿ ಗಾಟ್‌ಹಿಲ್ಫ್ ಹಾಗೆನನು ೧೮೩೯ರಲ್ಲಿ ಹಿತ್ತಾಳೆಯ ಸಣ್ಣ ಕೊಳವೆಗಳಿಂದ ಮಾಡಿದ ಪ್ರಯೋಗಗಳನ್ನು ಪ್ರಕಟಿಸಿದನು. ಅವನ ಕೆಲಸಕ್ಕೆ ಸಂಬಂಧವಿಲ್ಲದೆ ಪ್ಯಾರಿಸ್ಸಿನ ವೈದ್ಯ ಪ್ವಾಸೇಯನು, ದೇಹದ ಅತಿಸೂಕ್ಷ್ಮವಾದ ನಾಳಗಳಲ್ಲಿ ರಕ್ತವು ಹರಿಯುವ ಬಗೆಯನ್ನು ತಿಳಿಯುವ ಉದ್ದೇಶದಿಂದ ಗಾಜಿನ ಕಿರುನಳಿಗೆಗಳಲ್ಲಿ ನೀರನ್ನು ಹರಿಸಿ ನೋಡಿ, ೧೮೪೦–೪೧ರಲ್ಲಿ ತನ್ನ ಫಲಗಳನ್ನು ಅಲ್ಲಿನ ವಿಜ್ಞಾನ ಅಕಾಡೆಮಿಗೆ ಒಪ್ಪಿಸಿದನು. ಇಬ್ಬರೂ ಕಂಡ ನಿಯಮ ಒಂದೇ: ಒತ್ತಡವು ಇಮ್ಮಡಿಯಾದರೆ ಹರಿವು ಇಮ್ಮಡಿಯಾಗುತ್ತದೆ, ಉದ್ದವು ಇಮ್ಮಡಿಯಾದರೆ ಹರಿವು ಅರ್ಧವಾಗುತ್ತದೆ, ರಂಧ್ರದ ಅಗಲವು ಇಮ್ಮಡಿಯಾದರೆ ಹರಿವು ಹದಿನಾರು ಮಡಿಯಾಗುತ್ತದೆ. ಕೊನೆಯ ಮಾತು ಆಶ್ಚರ್ಯಕರವಾದರೂ ಯುಕ್ತಿಯುಕ್ತವಾಗಿದೆ. ಕೊಳವೆಯ ಗೋಡೆಗೆ ತಗುಲಿದ ನೀರು ಚಲಿಸುವುದಿಲ್ಲ. ಅದರ ಪಕ್ಕದ ಪದರವು ನಿಧಾನವಾಗಿ, ನಡುವಿನ ಪದರವು ವೇಗವಾಗಿ ಹರಿಯುತ್ತವೆ. ರಂಧ್ರವು ಅಗಲವಾದಷ್ಟೂ ಗೋಡೆಯ ಹಿಡಿತದಿಂದ ದೂರವಾದ ನೀರು ಹೆಚ್ಚುತ್ತದೆ.

ಆದರೆ ನಗರಕ್ಕೆ ನೀರನ್ನೊಯ್ಯುವ ದೊಡ್ಡ ಕೊಳವೆಗಳಲ್ಲಿ ಈ ನಿಯಮವು ಸಲ್ಲಲಿಲ್ಲ. ಫ್ರೈಬರ್ಗಿನ ಆಚಾರ್ಯ ಜೂಲಿಯಸ್ ವೈಸ್‌ಬಾಕನು ೧೮೪೫ರಲ್ಲಿಯೂ, ಡಿಜಾನ್ ನಗರಕ್ಕೆ ನೀರಿನ ಸೌಕರ್ಯವನ್ನು ಮಾಡಿಕೊಟ್ಟ ಆಂರಿ ಡಾರ್ಸಿಯು ೧೮೫೭ರಲ್ಲಿಯೂ ಪ್ರಕಟಿಸಿದ ವಿಚಾರಗಳ ಪ್ರಕಾರ, ಅಂಥ ಕೊಳವೆಗಳಲ್ಲಿ ತಡೆಯು ವೇಗದ ವರ್ಗಕ್ಕೆ ಹೆಚ್ಚುಕಡಿಮೆ ಅನುಗುಣವಾಗಿದೆ. ವೇಗವು ಇಮ್ಮಡಿಯಾದರೆ ತಡೆಯು ನಾಲ್ಮಡಿಯಾಗುತ್ತದೆ.

ಈ ಎರಡು ನಿಯಮಗಳೂ ಪ್ರಯೋಗಸಿದ್ಧವಾದವು. ಆದರೂ ಪರಸ್ಪರ ವಿರುದ್ಧ. ವಿರೋಧವನ್ನು ಪರಿಹರಿಸಿದವನು ಮ್ಯಾಂಚೆಸ್ಟರಿನ ಪ್ರಾಧ್ಯಾಪಕ ಆಸ್ಬಾರ್ನ್ ರೆನಾಲ್ಡ್ಸ್. ೧೮೮೩ರಲ್ಲಿ ಪ್ರಕಟವಾದ ಅವನ ಪ್ರಯೋಗವು ಸರಳವಾದುದು. ಗಾಜಿನ ಕೊಳವೆಯಲ್ಲಿ ನೀರನ್ನು ಹರಿಸಿ, ಅದರ ನಡುವೆ ಬಣ್ಣದ ನೀರಿನ ಎಳೆಯೊಂದನ್ನು ಬಿಟ್ಟನು. ವೇಗವು ಕಡಮೆಯಿದ್ದಾಗ ಆ ಎಳೆಯು ದಾರದಂತೆ ನೇರವಾಗಿ ಸಾಗಿತು. ವೇಗವನ್ನು ಹೆಚ್ಚಿಸುತ್ತ ಹೋದಂತೆ ಒಂದು ಹಂತದಲ್ಲಿ ಅದು ಇದ್ದಕ್ಕಿದ್ದಂತೆ ಒಡೆದು, ಸುಳಿಸುಳಿಯಾಗಿ, ಕೊಳವೆಯೆಲ್ಲವನ್ನೂ ಬಣ್ಣದಿಂದ ತುಂಬಿತು. ಮೊದಲನೆಯದು ಸ್ತರಪ್ರವಾಹ, ಎರಡನೆಯದು ಕ್ಷುಬ್ಧಪ್ರವಾಹ. ಹಾಗೆನ್ ಮತ್ತು ಪ್ವಾಸೇಯರ ನಿಯಮವು ಮೊದಲನೆಯದಕ್ಕೂ, ಡಾರ್ಸಿ ಮತ್ತು ವೈಸ್‌ಬಾಕರ ನಿಯಮವು ಎರಡನೆಯದಕ್ಕೂ ಸಲ್ಲುತ್ತವೆ. ವೇಗವನ್ನು ಕೊಳವೆಯ ವ್ಯಾಸದಿಂದಲೂ ದ್ರವದ ಸಾಂದ್ರತೆಯಿಂದಲೂ ಗುಣಿಸಿ, ದ್ರವದ ಸ್ನಿಗ್ಧತೆಯಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಈಗ ರೆನಾಲ್ಡ್ಸನ ಹೆಸರೇ ಇದೆ. ಅದು ಸುಮಾರು ೨೦೦೦ಕ್ಕಿಂತ ಕಡಮೆಯಿದ್ದರೆ ಪ್ರವಾಹವು ಸ್ತರರೂಪವಾಗಿಯೇ ಉಳಿಯುತ್ತದೆ. ಅದನ್ನು ಬಹಳವಾಗಿ ಮೀರಿದರೆ ಸಾಮಾನ್ಯವಾಗಿ ಕ್ಷುಬ್ಧವಾಗುತ್ತದೆ.

ಪ್ರಕೃತ ವಿಷಯದಲ್ಲಿ ಇದಕ್ಕೊಂದು ವಿಶೇಷವಾದ ನಿದರ್ಶನವುಂಟು. ೧೩ ಮಿಲಿಮೀಟರು ವ್ಯಾಸದ ಕೊಳವೆಯಲ್ಲಿ ಸೆಕೆಂಡಿಗೆ ೧೫ ಸೆಂಟಿಮೀಟರು ವೇಗದಿಂದ ೨೦ ಡಿಗ್ರಿಯ ತಣ್ಣೀರು ಹರಿದರೆ ಆ ಸಂಖ್ಯೆಯು ೧೯೦೦ಕ್ಕೆ ಸ್ವಲ್ಪ ಮೇಲಿರುತ್ತದೆ, ಪ್ರವಾಹವು ಸ್ತರರೂಪ. ಅದೇ ಕೊಳವೆ, ಅದೇ ವೇಗ, ಆದರೆ ನೀರು ೭೦ ಡಿಗ್ರಿಗೆ ಕಾದಿದ್ದರೆ ಸ್ನಿಗ್ಧತೆಯು ಐದರಲ್ಲೆರಡು ಪಾಲಿಗೆ ಇಳಿದು, ಸಂಖ್ಯೆಯು ಸುಮಾರು ೪೭೦೦ಕ್ಕೆ ಏರುತ್ತದೆ, ಪ್ರವಾಹವು ಕ್ಷುಬ್ಧ. ಹೀಗೆ ಬೆಂಕಿಯು ನೀರಿನ ತೂಕವನ್ನು ಮಾತ್ರವಲ್ಲದೆ ಅದರ ನಡೆಯನ್ನೂ ಬದಲಿಸುತ್ತದೆ.

೫. ‘ಸ್ನಿಗ್ಧತೆ’ ಎಂಬ ಪದ

ಮೇಲೆ ಬಂದ ಸ್ನಿಗ್ಧತೆಯೆಂಬ ಪದವನ್ನು ಕುರಿತು ಎರಡು ಮಾತು ಅಗತ್ಯ. ಕನ್ನಡದ ವಿಜ್ಞಾನ ಪಾಠಪುಸ್ತಕಗಳಲ್ಲಿ ದ್ರವದ ಒಳಘರ್ಷಣೆಗೆ ಈ ಪದವೇ ನೆಲೆಗೊಂಡಿದೆ. ಸಂಸ್ಕೃತದಲ್ಲಿ ಸ್ನಿಗ್ಧ, ಸ್ನೇಹ ಎಂಬ ಪದಗಳು ಒಂದೇ ಧಾತುವಿನಿಂದ ಹುಟ್ಟಿದವು. ವೈಶೇಷಿಕರು ಗುರುತ್ವ, ದ್ರವತ್ವ, ಸ್ನೇಹ ಎಂಬ ಮೂರನ್ನೂ ಪ್ರತ್ಯೇಕವಾದ ಗುಣಗಳೆಂದು ಎಣಿಸಿದ್ದಾರೆ. ಬೀಳುವುದಕ್ಕೆ ಗುರುತ್ವವೂ, ಹರಿಯುವುದಕ್ಕೆ ದ್ರವತ್ವವೂ, ಹಿಟ್ಟು ಮೊದಲಾದ ಪುಡಿಯು ಉಂಡೆಯಾಗುವುದಕ್ಕೆ ಸ್ನೇಹವೂ ಕಾರಣವೆಂಬುದು ಅವರ ಮತ. ನೀರಿನ ದ್ರವತ್ವವು ಸಾಂಸಿದ್ಧಿಕ, ಎಂದರೆ ಸ್ವಭಾವಸಿದ್ಧವಾದುದೆಂದೂ, ತುಪ್ಪ ಅರಗು ಮೊದಲಾದವುಗಳಲ್ಲಿ ಅದು ಅಗ್ನಿಸಂಯೋಗದಿಂದ ಬಂದ ನೈಮಿತ್ತಿಕವೆಂದೂ ಅವರು ವಿಂಗಡಿಸಿದ್ದಾರೆ.

ಈ ವಿಭಾಗವು ಬಹು ಸೂಕ್ಷ್ಮವಾದುದೆಂಬುದರಲ್ಲಿ ಸಂದೇಹವಿಲ್ಲ. ಬೀಳುವ ಕಾರಣವೂ ಹರಿಯುವ ಕಾರಣವೂ ಬೇರೆಯೆಂದು ತಿಳಿದುದೇ ದೊಡ್ಡ ವಿವೇಕ. ಆದರೂ ಹಿಂದಿನವರ ಸ್ನೇಹವೂ ಇಂದಿನವರ ಸ್ನಿಗ್ಧತೆಯೂ ಒಂದೇ ಎಂದು ಭಾವಿಸುವುದು ತಪ್ಪಾಗುತ್ತದೆ. ಸ್ನೇಹವು ಕಣಗಳನ್ನು ಕೂಡಿಸುವ ಗುಣ; ಸ್ನಿಗ್ಧತೆಯು ಪದರವು ಪದರದ ಮೇಲೆ ಜಾರುವಾಗ ಉಂಟಾಗುವ ತಡೆ. ಅಲ್ಲದೆ ಲೋಕಭಾಷೆಯಲ್ಲಿ ಸ್ನಿಗ್ಧವೆಂದರೆ ಎಣ್ಣೆಯಂತೆ ನುಣುಪಾದುದು, ಜಾರುವಂಥದು ಎಂಬ ಅರ್ಥವೇ ಮೊದಲು ಹೊಳೆಯುತ್ತದೆ. ಹೀಗಾಗಿ ಸ್ನಿಗ್ಧತೆ ಹೆಚ್ಚಿದರೆ ದ್ರವವು ಸುಲಭವಾಗಿ ಹರಿಯುವುದೆಂದು ವಿದ್ಯಾರ್ಥಿಯು ತಿಳಿದರೆ ಅವನದು ಅಪರಾಧವಲ್ಲ, ಪದದ ಅಪರಾಧ. ರೂಢಿಯಲ್ಲಿ ನೆಲೆಸಿದ ಪದವನ್ನು ಕೀಳುವುದು ಉಚಿತವಲ್ಲ. ಆದರೆ ಅದನ್ನು ಬೋಧಿಸುವವರು ‘ದ್ರವದ ಒಳತಡೆ’ ಎಂಬ ವಿವರಣೆಯನ್ನು ಜೊತೆಗೇ ಹೇಳುವುದು ಯುಕ್ತ.

೬. ಹಂಚಿಕೆಯ ನಿಯಮ

ಇನ್ನು ಮುಖ್ಯವಾದ ಪ್ರಶ್ನೆ. ನಿರ್ಗಮದ ಕೊಳವೆಗೂ ಆಗಮದ ಕೊಳವೆಗೂ ನಡುವೆ ಏಣಿಯ ಮೆಟ್ಟಿಲುಗಳಂತೆ ಹಲವು ರೇಡಿಯೇಟರುಗಳಿವೆ. ನೀರು ಇವುಗಳಲ್ಲಿ ಯಾವುದನ್ನು ಹಿಡಿಯುತ್ತದೆ?

ಸುಲಭವಾದ ದಾರಿಯನ್ನೇ ಹಿಡಿಯುತ್ತದೆಯೆಂಬ ಪೂರ್ವಪಕ್ಷವು ನಿಜವಾಗಿದ್ದರೆ, ಬಾಯ್ಲರಿಗೆ ಅತಿ ಸಮೀಪವಾದ ರೇಡಿಯೇಟರೊಂದು ಮಾತ್ರ ಬಿಸಿಯಾಗಿ, ಉಳಿದುವೆಲ್ಲ ಪೂರ್ತಿಯಾಗಿ ತಣ್ಣಗಿರಬೇಕಾಗಿತ್ತು. ಹಾಗೆ ಆಗುವುದಿಲ್ಲ. ಸಿದ್ಧಾಂತವೇನೆಂದರೆ, ನೀರು ತೆರೆದಿರುವ ಎಲ್ಲ ದಾರಿಗಳನ್ನೂ ಏಕಕಾಲದಲ್ಲಿ ಹಿಡಿಯುತ್ತದೆ. ಒಂದೊಂದರಲ್ಲಿಯೂ ಆ ದಾರಿಯ ಎರಡು ತುದಿಗಳ ಒತ್ತಡದ ಅಂತರವು ಅಲ್ಲಿನ ತಡೆಗೆ ಸರಿಹೋಗುವಷ್ಟು ಹರಿಯುತ್ತದೆ. ಪ್ರವಾಹವು ಸ್ತರರೂಪವಾಗಿದ್ದರೆ ಅಂತರವು ನಾಲ್ಮಡಿಯಾದಾಗ ಹರಿವೂ ನಾಲ್ಮಡಿಯಾಗುತ್ತದೆ. ಕ್ಷುಬ್ಧವಾಗಿದ್ದರೆ ಹರಿವು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆಯ್ಕೆಯೆಂಬುದು ಇಲ್ಲವೇ ಇಲ್ಲ, ಇರುವುದು ಹಂಚಿಕೆ.

ನಿದರ್ಶನಕ್ಕಾಗಿ ಒಂದೇ ಅಳತೆಯ ಎರಡು ರೇಡಿಯೇಟರುಗಳನ್ನು ಕಲ್ಪಿಸಿಕೊಳ್ಳಬಹುದು. ಒಂದು ಪಂಪಿಗೆ ಹತ್ತಿರ. ಇನ್ನೊಂದು ಬಲು ದೂರ. ಎರಡಕ್ಕೂ ಗಂಟೆಗೆ ೪೩ ಲೀಟರು ನೀರು ಬೇಕು. ಅಷ್ಟು ನೀರು ಹರಿಯಲು ಪ್ರತಿಯೊಂದಕ್ಕೂ ೪೦೦ ಮಿಲಿಮೀಟರು ನೀರಿನ ಒತ್ತಡ ಸಾಕು. ಪಂಪಿನಿಂದ ಹೊರಟ ಒತ್ತಡವು ದಾರಿಯುದ್ದಕ್ಕೂ ಘರ್ಷಣೆಯಲ್ಲಿ ಸವೆಯುವುದರಿಂದ ಹತ್ತಿರದ್ದರ ಬಳಿ ೧೬೦೦ ಮಿಲಿಮೀಟರೂ, ದೂರದ್ದರ ಬಳಿ ೧೦೦ ಮಿಲಿಮೀಟರೂ ಉಳಿದಿವೆಯೆಂದು ಇಟ್ಟುಕೊಳ್ಳಬಹುದು. ತಡೆಯು ಹರಿವಿನ ವರ್ಗದಂತೆ ಬೆಳೆಯುವುದಾದರೆ, ಹತ್ತಿರದ್ದಕ್ಕೆ ಗಂಟೆಗೆ ೮೬ ಲೀಟರು, ಎಂದರೆ ಬೇಕಾದುದರ ಎರಡರಷ್ಟು, ದೂರದ್ದಕ್ಕೆ ಇಪ್ಪತ್ತೊಂದೂವರೆ ಲೀಟರು, ಎಂದರೆ ಬೇಕಾದುದರ ಅರ್ಧ ದೊರೆಯುತ್ತದೆ.

ಇದರಿಂದ ಯಾರಿಗೆ ಎಷ್ಟು ಲಾಭ, ಯಾರಿಗೆ ಎಷ್ಟು ನಷ್ಟ? ನೀರು ಇಮ್ಮಡಿಯಾದ ಮಾತ್ರಕ್ಕೆ ಶಾಖವು ಇಮ್ಮಡಿಯಾಗುವುದಿಲ್ಲ. ರೇಡಿಯೇಟರು ತನ್ನ ಮೈಯ ಬಿಸಿಗೆ ತಕ್ಕಷ್ಟು ಶಾಖವನ್ನು ಮಾತ್ರ ಬಿಡಬಲ್ಲದು. ಕೋಣೆಯು ೨೦ ಡಿಗ್ರಿಯಲ್ಲಿದ್ದು, ನೀರು ೮೦ ಡಿಗ್ರಿಯಲ್ಲಿ ಒಳಹೊಕ್ಕರೆ, ಇಮ್ಮಡಿ ನೀರನ್ನು ಪಡೆದ ರೇಡಿಯೇಟರು ಹೆಚ್ಚಾಗಿ ಕೊಡುವ ಶಾಖವು ಸುಮಾರು ಎಂಟನೆಯ ಒಂದು ಪಾಲು. ಅರ್ಧ ನೀರನ್ನು ಪಡೆದದ್ದು ಕಳೆದುಕೊಳ್ಳುವುದು ಸುಮಾರು ಐದನೆಯ ಒಂದು ಪಾಲು. ಹತ್ತಿರದ್ದಕ್ಕೆ ಅಧಿಕವಾಗಿ ಸಂದ ನೀರು ಬಹುಮಟ್ಟಿಗೆ ತನ್ನ ಶಾಖವನ್ನು ಇಳಿಸದೆಯೇ, ಬಿಸಿಯಾಗಿಯೇ, ಬಾಯ್ಲರಿಗೆ ಮರಳುತ್ತದೆ. ಹೊರೆಯನ್ನು ಇಳಿಸದೆ ಹಿಂದಿರುಗಿದ ಬಂಡಿಯಂತೆ. ದೂರದ ಕೋಣೆಯವನಿಗಾದರೋ ಚಳಿಗಾಲದ ನಡುವೆ ಐದರಲ್ಲೊಂದು ಪಾಲು ಶಾಖವು ಇಲ್ಲವಾಗುತ್ತದೆ.

೭. ದೊಡ್ಡ ಪಂಪಿನ ಫಲ

ಈಗ ಮನೆಯವರ ಪರಿಹಾರವನ್ನು ಪರೀಕ್ಷಿಸಬಹುದು. ದೂರದ ರೇಡಿಯೇಟರಿಗೆ ನೀರು ಅರ್ಧವೇ ಸಲ್ಲುತ್ತಿದೆ, ಅದನ್ನು ಇಮ್ಮಡಿಮಾಡಬೇಕು. ಕೊಳವೆಗಳಲ್ಲಿ ಬೇರಾವ ಬದಲಾವಣೆಯನ್ನೂ ಮಾಡದೆ ಪಂಪನ್ನೇ ಬಲಪಡಿಸಿದರೆ ಎಲ್ಲ ದಾರಿಗಳ ಹರಿವೂ ಒಂದೇ ಪ್ರಮಾಣದಲ್ಲಿ ಏರುತ್ತದೆ. ಹರಿವು ಇಮ್ಮಡಿಯಾಗಬೇಕಾದರೆ ಒತ್ತಡವು ನಾಲ್ಮಡಿಯಾಗಬೇಕು. ಪಂಪಿನ ಕೆಲಸವು ಹರಿವನ್ನೂ ಒತ್ತಡವನ್ನೂ ಗುಣಿಸಿದಷ್ಟಾದುದರಿಂದ, ಅದಕ್ಕೆ ಬೇಕಾದ ಶಕ್ತಿಯು ಎಂಟುಮಡಿಯಾಗುತ್ತದೆ. ಇಷ್ಟೆಲ್ಲ ವೆಚ್ಚದ ಮೇಲೆ ದೂರದ್ದಕ್ಕೆ ೪೩ ಲೀಟರು ದೊರೆಯುತ್ತದೆ, ನಿಜ. ಆದರೆ ಹತ್ತಿರದ್ದಕ್ಕೆ ೧೭೨ ಲೀಟರು ಸಲ್ಲುತ್ತದೆ. ಮೊದಲಿದ್ದ ನಾಲ್ಕಕ್ಕೆ ಒಂದೆಂಬ ವಿಷಮತೆಯು ಲೇಶವೂ ಕಡಮೆಯಾಗಿಲ್ಲ. ಕೊಳವೆಗಳಲ್ಲಿ ಸದ್ದು ಹೆಚ್ಚುತ್ತದೆ. ಆಗಮದ ನೀರು ಇನ್ನಷ್ಟು ಬಿಸಿಯಾಗಿ ಮರಳುತ್ತದೆ. ಹೊಗೆಯಲ್ಲಿರುವ ಆವಿಯನ್ನು ದ್ರವವಾಗಿಸಿ ಅದರ ಶಾಖವನ್ನೂ ಉಪಯೋಗಿಸುವ ಇತ್ತೀಚಿನ ಅನಿಲದ ಬಾಯ್ಲರುಗಳಿಗೆ ಇದು ವಿಶೇಷವಾಗಿ ಹಾನಿಕರ. ಏಕೆಂದರೆ ಮರಳುವ ನೀರು ಸುಮಾರು ೫೫ ಡಿಗ್ರಿಗಿಂತ ಬಿಸಿಯಾಗಿದ್ದರೆ ಆ ಆವಿಯು ದ್ರವವಾಗುವುದಿಲ್ಲ.

ಆದುದರಿಂದ ದೋಷವು ಬಲದ ಕೊರತೆಯಲ್ಲಿಲ್ಲ, ಹಂಚಿಕೆಯ ವೈಷಮ್ಯದಲ್ಲಿದೆ ಎಂಬುದು ಸಿದ್ಧವಾಯಿತು.

೮. ಸಮೀಕರಣದ ಉಪಾಯಗಳು

ವೈಷಮ್ಯಕ್ಕೆ ಮದ್ದು ಬಲವಲ್ಲ, ತಡೆ. ಹತ್ತಿರದ ರೇಡಿಯೇಟರಿನ ಬಾಯಲ್ಲಿ ಒಂದು ಕವಾಟವನ್ನಿಟ್ಟು, ಅಲ್ಲಿನ ಹೆಚ್ಚಿನ ಒತ್ತಡವನ್ನೆಲ್ಲ ಆ ಕವಾಟದಲ್ಲಿಯೇ ಸವೆಯುವಂತೆ ಅದನ್ನು ಕಿರಿದುಮಾಡಿದರೆ, ಆ ದಾರಿಯಲ್ಲಿ ಬೇಕಾದಷ್ಟೇ ನೀರು ಹರಿಯುತ್ತದೆ. ಇದರಿಂದ ಎರಡನೆಯ ಪ್ರಯೋಜನವೂ ಉಂಟು. ಮುಖ್ಯ ಕೊಳವೆಯಲ್ಲಿ ಹರಿಯುವ ಒಟ್ಟು ನೀರು ಕಡಮೆಯಾಗುವುದರಿಂದ ಅಲ್ಲಿ ಸವೆಯುತ್ತಿದ್ದ ಒತ್ತಡವೂ ಕಡಮೆಯಾಗಿ, ಹಾಗೆ ಉಳಿದುದು ದೂರದ ರೇಡಿಯೇಟರಿಗೆ ತಲಪುತ್ತದೆ. ಹೀಗೆ ಒಂದು ಕಡೆ ದಾರಿಯನ್ನು ಕಠಿನಮಾಡಿದುದು ಇನ್ನೊಂದು ಕಡೆ ದಾನವಾಗಿ ಪರಿಣಮಿಸುತ್ತದೆ; ಪಂಪಿನ ಬಲವನ್ನು ಒಂದಿಷ್ಟೂ ಹೆಚ್ಚಿಸಬೇಕಾಗಿಲ್ಲ. ಎಲ್ಲ ರೇಡಿಯೇಟರುಗಳನ್ನೂ ಕ್ರಮವಾಗಿ ಅಳೆದು ಹೀಗೆ ಹೊಂದಿಸುವುದಕ್ಕೆ ಜಲಸಮೀಕರಣವೆಂದು ಹೆಸರಿಡಬಹುದು.

ಇನ್ನೊಂದು ಉಪಾಯವು ಜರ್ಮನಿಯ ಟಿಖೆಲ್‌ಮಾನನ ಹೆಸರಿನಿಂದ ಪ್ರಸಿದ್ಧವಾಗಿದೆ. ಸಾಮಾನ್ಯವಾದ ಜೋಡಣೆಯಲ್ಲಿ ಮೊದಲು ನೀರನ್ನು ಪಡೆದ ರೇಡಿಯೇಟರೇ ಮೊದಲು ಹಿಂದಿರುಗಿಸುತ್ತದೆ. ಆದುದರಿಂದ ಅದರ ದಾರಿಯು ಅತಿ ಮೊಟಕು. ಟಿಖೆಲ್‌ಮಾನನ ಜೋಡಣೆಯಲ್ಲಿ ಮೊದಲು ಪಡೆದದ್ದು ಕೊನೆಗೆ ಹಿಂದಿರುಗಿಸುತ್ತದೆ, ಕೊನೆಗೆ ಪಡೆದದ್ದು ಮೊದಲು ಹಿಂದಿರುಗಿಸುತ್ತದೆ. ಇದರಿಂದ ಪ್ರತಿಯೊಂದರ ದಾರಿಯ ಒಟ್ಟು ಉದ್ದವೂ ಬಹುಮಟ್ಟಿಗೆ ಸಮವಾಗುತ್ತದೆ. ಕೊಳವೆಯು ಸ್ವಲ್ಪ ಹೆಚ್ಚು ಬೇಕಾಗುತ್ತದೆಯೆಂಬುದೊಂದೇ ಇದರಲ್ಲಿರುವ ಕೊರತೆ.

ಮೂರನೆಯದು ತಾಪಕ್ಕೆ ತಾನಾಗಿ ಸ್ಪಂದಿಸುವ ಕವಾಟ. ಡೆನ್ಮಾರ್ಕಿನ ಮ್ಯಾಡ್ಸ್ ಕ್ಲೌಸೆನನು ೧೯೪೩ರಲ್ಲಿ ಇದನ್ನು ರೂಪಿಸಿದನು. ಕೋಣೆಯು ಸಾಕಷ್ಟು ಬೆಚ್ಚಗಾದ ಒಡನೆ ಕವಾಟದೊಳಗಿನ ವಸ್ತುವು ಹಿಗ್ಗಿ ನೀರಿನ ದಾರಿಯನ್ನು ಕಿರಿದುಮಾಡುತ್ತದೆ. ಆದರೆ ಇದು ಸಮೀಕರಣಕ್ಕೆ ಬದಲಿಯಾಗಲಾರದು. ಬೆಳಗಿನ ಹೊತ್ತು ಎಲ್ಲ ಕೋಣೆಗಳೂ ತಣ್ಣಗಿದ್ದು ಎಲ್ಲ ಕವಾಟಗಳೂ ಪೂರ್ತಿ ತೆರೆದಿರುವಾಗ, ಹತ್ತಿರದವು ತೃಪ್ತವಾಗುವವರೆಗೆ ದೂರದವು ಕಾಯುತ್ತಲೇ ಇರಬೇಕಾಗುತ್ತದೆ.

ಈ ವಿಷಯವು ಶಿಲ್ಪಿಗಳ ಗೋಷ್ಠಿಗೆ ಮಾತ್ರ ಸೇರಿದುದೆಂದು ತಿಳಿಯಬಾರದು. ೨೦೨೨ರಲ್ಲಿ ಉಕ್ರೇನಿನ ಯು‌ದ್ಧದ ಕಾರಣದಿಂದ ಯೂರೋಪಿನಲ್ಲಿ ಅನಿಲವು ದುರ್ಲಭವಾದಾಗ, ಜರ್ಮನಿಯ ಸರ್ಕಾರವು ಆ ವರ್ಷದ ಅಕ್ಟೋಬರಿನಿಂದ ಎರಡು ವರ್ಷ ಜಾರಿಯಲ್ಲಿದ್ದ ನಿಬಂಧನೆಯೊಂದನ್ನು ಹೊರಡಿಸಿತು. ಅನಿಲದಿಂದ ಒಟ್ಟಾಗಿ ಬಿಸಿಮಾಡುವ, ಆರು ಅಥವಾ ಅದಕ್ಕಿಂತ ಹೆಚ್ಚು ಬಿಡಾರಗಳುಳ್ಳ ವಸತಿಕಟ್ಟಡಗಳಲ್ಲಿ ಈ ಸಮೀಕರಣವನ್ನು ಗೊತ್ತಾದ ಅವಧಿಯೊಳಗೆ ಮಾಡಿಸಬೇಕೆಂದು ಅದು ವಿಧಿಸಿತು. ಒಂದು ದೇಶವು ಇಂಧನದ ಕ್ಷಾಮವನ್ನು ಎದುರಿಸುವ ಸಾಧನಗಳಲ್ಲಿ, ಕವಾಟವನ್ನು ತಕ್ಕಷ್ಟು ತಿರುಗಿಸುವುದೂ ಒಂದಾಯಿತು.

೯. ನಿರ್ಣಯ

ಇದುವರೆಗಿನ ವಿಚಾರದಿಂದ ಸಿದ್ಧವಾದ ಅಂಶಗಳು ಮೂರು. ಬಿಸಿನೀರು ತಾನಾಗಿ ಏರುವುದಿಲ್ಲ. ತಣ್ಣೀರಿನ ಭಾರವು ಅದನ್ನು ಏರಿಸುತ್ತದೆ. ಮುಚ್ಚಿದ ಆವರಣದಲ್ಲಿ ಪಂಪು ಎತ್ತರದೊಡನೆ ಹೋರಾಡುವುದಿಲ್ಲ; ಘರ್ಷಣೆಯೊಡನೆ ಹೋರಾಡುತ್ತದೆ. ನೀರು ಸುಲಭವಾದ ದಾರಿಯೊಂದನ್ನೇ ಹಿಡಿಯುವುದಿಲ್ಲ. ಎಲ್ಲ ದಾರಿಗಳನ್ನೂ ಹಿಡಿದು, ಸುಲಭವಾದುದರಲ್ಲಿ ಹೆಚ್ಚಾಗಿಯೂ ಕಠಿನವಾದುದರಲ್ಲಿ ಕಡಮೆಯಾಗಿಯೂ ಹರಿಯುತ್ತದೆ.

ಮೂರನೆಯ ಅಂಶವು ಬರಿಯ ಮಾತಿನ ತಿದ್ದುಪಡಿಯಲ್ಲ. ನೀರು ಒಂದೇ ದಾರಿಯನ್ನು ಹಿಡಿಯುವುದೆಂದು ನಂಬಿದವನು ದೂರದ ಕೋಣೆಗೆ ನೀರೇ ಹೋಗುತ್ತಿಲ್ಲವೆಂದು ಬಗೆದು ಬಲವನ್ನು ಹುಡುಕುತ್ತಾನೆ. ಅದು ಹಂಚಿಹೋಗುವುದೆಂದು ತಿಳಿದವನು ಹಂಚಿಕೆಯನ್ನು ಪರೀಕ್ಷಿಸುತ್ತಾನೆ. ಮೊದಲನೆಯವನು ಎಂಟುಮಡಿ ಶಕ್ತಿಯನ್ನು ವೆಚ್ಚಮಾಡಿಯೂ ಹಳೆಯ ವೈಷಮ್ಯವನ್ನು ಉಳಿಸಿಕೊಳ್ಳುತ್ತಾನೆ. ಎರಡನೆಯವನು ಹತ್ತಿರದ ಕವಾಟವನ್ನು ಅರ್ಧ ಸುತ್ತು ತಿರುಗಿಸಿ ದೂರದ ಕೋಣೆಯನ್ನು ಬೆಚ್ಚಗೆ ಮಾಡುತ್ತಾನೆ. ಆದುದರಿಂದ ಮಕ್ಕಳಿಗೆ ಈ ದೃಷ್ಟಾಂತವನ್ನು ಹೇಳುವ ಉಪಾಧ್ಯಾಯರು, ‘ನೀರು ಸುಲಭವಾದ ದಾರಿಯನ್ನು ಹಿಡಿಯುತ್ತದೆ’ ಎಂಬುದರ ಬದಲು ‘ನೀರು ಎಲ್ಲ ದಾರಿಗಳನ್ನೂ ಅವುಗಳ ತಡೆಗೆ ತಕ್ಕಷ್ಟು ಹಿಡಿಯುತ್ತದೆ’ ಎಂದು ಹೇಳುವುದು ಶಾಸ್ತ್ರಕ್ಕೂ ಅನುಭವಕ್ಕೂ ಒಪ್ಪುವ ಮಾತಾಗುವುದು.